ಗಲ್ಲಾದಿಂದ ತೆಗೆದ ದುಡ್ಡಿಗೆ ಹೆಸರೇನು?

"ಸಾರ್, ನಮ್ಮಣ್ಣನಿಗೆ ನೀವೇ ಹೇಳಿಬಿಡಿ." ಆಡಿಟರ್ ಆಗಿ ನಾನು ಎಷ್ಟು ಸಲ ಈ ಮಾತು ಕೇಳಿದ್ದೇನೋ! ಆ ಅಣ್ಣ ಪಕ್ಕದ ಕುರ್ಚಿಯಲ್ಲೇ ಕೂತಿರುತ್ತಾರೆ.

ಹೆಸರು, ಊರು ಬಿಟ್ಟು ಒಂದು ಬಟ್ಟೆ ಅಂಗಡಿಯ ಕಥೆ ಹೇಳುತ್ತೇನೆ. ಅಪ್ಪ ಕಟ್ಟಿದ ಅಂಗಡಿ, ಈಗ ಅಣ್ಣ ತಮ್ಮ ಇಬ್ಬರೂ ಪಾಲುದಾರರು. ಅಣ್ಣ ಗಲ್ಲಾದಲ್ಲಿ ಕೂರುತ್ತಾರೆ. ತಮ್ಮ ಖರೀದಿಗೆ ಸೂರತ್, ಇಳಕಲ್ ಅಂತ ಓಡಾಡುತ್ತಾರೆ. ಆರು ವರ್ಷ ಇಬ್ಬರಿಗೂ ಮಾತಿರಲಿಲ್ಲ. ಏನಿದ್ದರೂ ಅಂಗಡಿಯ ಲೆಕ್ಕ ಬರೆಯುವ ರೈಟರ್ ಮೂಲಕ, "ಅವನಿಗೆ ಹೇಳಪ್ಪ" ಅಂತ. ತಮ್ಮನ ಮಗಳ ಇಂಜಿನಿಯರಿಂಗ್ ಫೀಸಿಗೆ ಅಂಗಡಿ ದುಡ್ಡು ತೆಗೆದಾಗ ಜಗಳ ಶುರುವಾಯಿತು ಎಂದು ಅಣ್ಣ ಹೇಳುತ್ತಾರೆ. ಅಲ್ಲ, ಅಣ್ಣನ ಮಗ ಯಾರನ್ನೂ ಕೇಳದೆ ಅಂಗಡಿಗೆ ಬಂದು ಕೂತಾಗ ಎಂದು ತಮ್ಮ. ನೆಂಟರನ್ನು ಕೇಳಿದರೆ ವಾರಗಿತ್ತಿಯರ ಜಗಳ ಅನ್ನುತ್ತಾರೆ. ಪಾಪ, ಆ ಹೆಂಗಸರಿಗೆ ಸುಮ್ನೆ ಕೆಟ್ಟ ಹೆಸರು.

ನಾನು ಕಿರ್ದಿ, ಅಂದರೆ ದಿನದ ಲೆಕ್ಕದ ಪುಸ್ತಕ, ತೆಗೆದು ನೋಡಿದೆ. 'ಮನೆ ಖರ್ಚು' ಎಂಬ ಒಂದೇ ಖಾತೆಯಲ್ಲಿ ದಿನಸಿ, ಫೀಸು, ಮದುವೆಯ ಮುಯ್ಯಿ, ಬೈಕಿನ ಕಂತು ಎಲ್ಲವೂ ಇತ್ತು. ಯಾರು ಎಷ್ಟು ತೆಗೆದರು ಅನ್ನುವುದು ಇಬ್ಬರಿಗೂ ಗೊತ್ತಿಲ್ಲ. ಇನ್ನೊಬ್ಬ ಜಾಸ್ತಿ ತೆಗೆದ ಎಂಬುದು ಮಾತ್ರ ಇಬ್ಬರಿಗೂ ಖಾತ್ರಿ!

ಗಲ್ಲಾದಿಂದ ಹೊರಗೆ ಹೋಗುವ ಪ್ರತಿ ರೂಪಾಯಿಗೂ ಒಂದು ಹೆಸರಿರಬೇಕು. ಅದು ದುಡಿಮೆಯ ಸಂಬಳವೋ, ಪಾಲಿನ ಲಾಭವೋ, ಅಂಗಡಿಯಿಂದ ಪಡೆದ ಸಾಲವೋ? 1932ರ ಪಾಲುದಾರಿಕೆ ಕಾಯ್ದೆ ಪ್ರಕಾರ, ಒಪ್ಪಂದದಲ್ಲಿ ಬೇರೆ ಮಾತಿಲ್ಲದಿದ್ದರೆ ಲಾಭ ಎಲ್ಲರಿಗೂ ಸಮ, ದುಡಿಯುವ ಪಾಲುದಾರನಿಗೆ ಪ್ರತ್ಯೇಕ ಸಂಬಳವೂ ಇಲ್ಲ. ಬೆಳಗ್ಗೆ ಬಾಗಿಲು ತೆಗೆದು ರಾತ್ರಿ ಹಾಕುವವನಿಗೂ ಮನೆಯಲ್ಲೇ ಇರುವವನಿಗೂ ಒಂದೇ! ಹೊಟ್ಟೆ ಉರಿಯದೇ ಇರುತ್ತದಾ? ಲೆಕ್ಕದ ಪುಸ್ತಕ ನೋಡುವ ಹಕ್ಕನ್ನೂ ಇದೇ ಕಾಯ್ದೆ ಪ್ರತಿ ಪಾಲುದಾರನಿಗೆ ಕೊಟ್ಟಿದೆ. ಅಣ್ಣನನ್ನು ಲೆಕ್ಕ ಕೇಳಿದರೆ ಅವಮಾನ ಮಾಡಿದಂತೆ ಎಂದು ತಮ್ಮ ಆರು ವರ್ಷ ಕೇಳಿರಲೇ ಇಲ್ಲ.

ಮನಸ್ಸು ಸರಿಹೋಗಲಿ, ಆಮೇಲೆ ಲೆಕ್ಕ ಅಂತ ಕಾಯುವವರೇ ಜಾಸ್ತಿ. ದಯವಿಟ್ಟು ಕಾಯಬೇಡಿ. ನಾವು ಮೊದಲು ಡೀಡ್, ಅಂದರೆ ಪಾಲುದಾರಿಕೆಯ ಒಪ್ಪಂದ ಪತ್ರ, ತಿದ್ದಿದೆವು. ಇಬ್ಬರಿಗೂ ಸಂಬಳ, ಇಬ್ಬರಿಗೂ ಬೇರೆ ಖಾತೆ. ಅಣ್ಣನ ಮಗನಿಗೆ ಪಾಲಿಲ್ಲ, ಕೆಲಸಕ್ಕೆ ತಕ್ಕ ಸಂಬಳ.

ಒಬ್ಬರು ಬಿಟ್ಟು ಹೋಗುವುದಾದರೆ ಹೇಗೆ? ಇದಕ್ಕೇ ಹೆಚ್ಚು ಹೊತ್ತು ಹಿಡಿಯಿತು. ಒಬ್ಬರು ಬೆಲೆ ಹೇಳಲಿ, ಅದೇ ಬೆಲೆಗೆ ಕೊಳ್ಳುವುದೋ ಮಾರುವುದೋ ಇನ್ನೊಬ್ಬರು ಆರಿಸಲಿ ಎಂಬ ಪದ್ಧತಿ ಇದೆ. ಕೇಳಲು ನ್ಯಾಯವಾಗಿದೆ, ಅಲ್ವಾ? ಆದರೆ ಕೈಯಲ್ಲಿ ದುಡ್ಡಿರುವವರಿಗೇ ಅದು ಅನುಕೂಲ. ಅದಕ್ಕೇ ಕಂತಿನಲ್ಲಿ ಕೊಡಬಹುದು ಅಂತ ಸೇರಿಸಿದೆವು.

ಈ ಮಾತುಕತೆಗೆ ನಾನು ಪಂಚನಾಗಿ ಕೂರಲಿಲ್ಲ. ಇಬ್ಬರ ಲೆಕ್ಕಕ್ಕೂ ಸಹಿ ಹಾಕುವವನು ತೀರ್ಪು ಕೊಡಲು ಹೋಗಬಾರದು. ಇಬ್ಬರೂ ಒಪ್ಪಿದ, ವ್ಯವಹಾರದಲ್ಲಿ ಪಾಲಿಲ್ಲದ ಹಿರಿಯರೊಬ್ಬರು ಕೂತರು.

ಅವರೇ ಒಂದು ದಿನ, "ತಂಗಿಯನ್ನು ಕೇಳಿದಿರಾ?" ಅಂದರು. ಇಬ್ಬರೂ ಗಪ್‌ಚಿಪ್. ಅಂಗಡಿಯ ಕಟ್ಟಡ ಅಪ್ಪನ ಸ್ವಂತ ಸಂಪಾದನೆ, ಅವರು ವಿಲ್ ಬರೆಯದೆ ತೀರಿಹೋಗಿದ್ದರು. ಹೆಣ್ಣುಮಕ್ಕಳ ಪಾಲು 2005ರಲ್ಲಿ ಬಂದದ್ದು ಅಂತ ತುಂಬ ಜನ ತಿಳಿದಿದ್ದಾರೆ. ಅದು ಪಿತ್ರಾರ್ಜಿತ ಆಸ್ತಿಯ ಮಾತು. ಇಂಥ ಸ್ವಂತ ಆಸ್ತಿಯಲ್ಲಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಿಂದಲೇ ಮಗಳಿಗೂ ಗಂಡುಮಕ್ಕಳಷ್ಟೇ ಪಾಲಿದೆ. ಸೀರೆ, ಅರಿಶಿನ ಕುಂಕುಮ ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡ ಮನೆಗಳನ್ನು ನೋಡಿದ್ದೇನೆ. ನನಗದು ಒಪ್ಪಿಗೆಯಿಲ್ಲ, ಅವರಿಗೂ ಹಾಗೇ ಹೇಳಿದೆ.

ಈಗ ತಿಂಗಳ ಮೊದಲ ಸೋಮವಾರ ಒಂದು ಗಂಟೆ ಅಣ್ಣ ತಮ್ಮ ಲೆಕ್ಕಕ್ಕೆ ಕೂರುತ್ತಾರೆ. ರೈಟರ್ ಇಲ್ಲದೆ, ನೇರವಾಗಿ. ಮುಗಿದ ಮೇಲೆ ಎದ್ದು ಅವರವರ ಮನೆಗೆ ಹೋಗುತ್ತಾರೆ. ಮುಂದಿನ ಸೋಮವಾರ ತಂಗಿಯೂ ಬರುತ್ತಾರೆ.