ಒಂದೇ ಯಂತ್ರ, ಎರಡು ಕಾಲಪ್ರಜ್ಞೆ

ಪೀಣ್ಯದ ಒಂದು ಸಣ್ಣ ಶೆಡ್ಡಿನಲ್ಲಿ ಹಳೆಯ ಮಿಲ್ಲಿಂಗ್ ಯಂತ್ರಕ್ಕೆ ಸ್ಟೆಪ್ಪರ್ ಮೋಟಾರುಗಳನ್ನು ಜೋಡಿಸಿ, ಅದನ್ನು ಸಾಧಾರಣ ಡೆಸ್ಕ್‌ಟಾಪ್ ಕಂಪ್ಯೂಟರಿನಿಂದಲೇ ನಡೆಸಲು ಹೊರಟಿದ್ದೆವು. ಮೊದಲ ಕೆಲವು ದಿನ ಎಲ್ಲವೂ ಸರಿಯಾಗಿಯೇ ಇತ್ತು. ಒಂದು ಮಧ್ಯಾಹ್ನ ಅಲ್ಯೂಮಿನಿಯಂ ತಟ್ಟೆಯ ಮೇಲೆ ಚೌಕವೊಂದನ್ನು ಕೊರೆಯುತ್ತಿದ್ದಾಗ, ಅದೇ ಕಂಪ್ಯೂಟರಿನಲ್ಲಿ ಯಾರೋ ಪೆನ್‌ಡ್ರೈವ್‌ನಿಂದ ದೊಡ್ಡದೊಂದು ಫೈಲನ್ನು ನಕಲು ಮಾಡಲು ಹಾಕಿದರು. ಮೋಟಾರು ಒಮ್ಮೆ ಕರ್ರೆಂದು ತಡವರಿಸಿ ಮತ್ತೆ ಓಡಿತು. ಪರದೆಯ ಮೇಲೆ ಯಾವ ದೋಷಸೂಚನೆಯೂ ಬರಲಿಲ್ಲ. ತಟ್ಟೆಯನ್ನು ಬಿಚ್ಚಿ ಅಳೆದಾಗ ಚೌಕದ ನಾಲ್ಕನೆಯ ಬದಿ ಮೊದಲನೆಯದನ್ನು ಕೂಡಿರಲಿಲ್ಲ.

ಆ ತಡವರಿಕೆಯ ಲೆಕ್ಕ ಸರಳ. ಸಾಮಾನ್ಯ ಸ್ಟೆಪ್ಪರ್ ಮೋಟಾರು ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ. ಅದನ್ನು ನಡೆಸುವ ಡ್ರೈವರ್ ಮಂಡಲ ಒಂದೊಂದು ಹೆಜ್ಜೆಯನ್ನೂ ಹತ್ತು ಪಾಲು ಮಾಡಿದರೆ, ಪಾಲಿಗೊಂದರಂತೆ ಸುತ್ತಿಗೆ 2,000 ಪಲ್ಸುಗಳು, ಅಂದರೆ ವಿದ್ಯುತ್ ಮಿಡಿತಗಳು, ಬೇಕು. ಒಂದು ಸುತ್ತಿಗೆ 5 ಮಿಲಿಮೀಟರ್ ಸರಿಯುವ ಸ್ಕ್ರೂ ಇದ್ದು, ಮೇಜು ಸೆಕೆಂಡಿಗೆ 50 ಮಿಲಿಮೀಟರ್ ವೇಗದಲ್ಲಿ ಚಲಿಸಬೇಕಾದರೆ ಕಂಪ್ಯೂಟರು ಸೆಕೆಂಡಿಗೆ 20,000 ಪಲ್ಸುಗಳನ್ನು ಕಳಿಸಬೇಕು, ಅಂದರೆ 50 ಮೈಕ್ರೋಸೆಕೆಂಡಿಗೊಂದು. ನಡುವೆ ಎರಡೇ ಎರಡು ಮಿಲಿಸೆಕೆಂಡ್ ಕಂಪ್ಯೂಟರು ಬೇರೆಡೆ ಗಮನ ಹರಿಸಿದರೆ ನಲವತ್ತು ಪಲ್ಸುಗಳು ಹೋಗುವುದಿಲ್ಲ. ಅಷ್ಟರಲ್ಲಿ ಬಿರಿ ಹಿಡಿದಂತಾದ ಮೋಟಾರಿಗೆ ಒಮ್ಮೆಲೇ ಮತ್ತೆ ಪೂರ್ಣ ವೇಗದ ಪಲ್ಸುಗಳು ಬಂದು ಬಿದ್ದಾಗ ಅದು ಹಿಡಿತ ತಪ್ಪುತ್ತದೆ. ಇಂತಹ ಅಗ್ಗದ ವ್ಯವಸ್ಥೆಯಲ್ಲಿ ಮೋಟಾರು ನಿಜವಾಗಿ ಎಲ್ಲಿದೆಯೆಂದು ತಿಳಿಸುವ ಸಾಧನವಿಲ್ಲದ ಕಾರಣ, ತಾನು ಕಳಿಸಿದ್ದೆಲ್ಲವೂ ತಲುಪಿದೆಯೆಂದೇ ಕಂಪ್ಯೂಟರು ನಂಬಿ ಮುಂದುವರಿಯುತ್ತದೆ.

ಹೀಗೆ ಗಡುವು ತಪ್ಪದೆ ಮಾಡಲೇಬೇಕಾದ ಕೆಲಸಕ್ಕೆ ರಿಯಲ್ ಟೈಮ್ ಎನ್ನುತ್ತಾರೆ. ರಿಯಲ್ ಟೈಮ್ ಎಂದೊಡನೆ ಬಹಳ ಜನ ಅದನ್ನು ವೇಗವೆಂದು ತಿಳಿಯುತ್ತಾರೆ. ವಿಳಂಬ ಕಾಲದಲ್ಲಿ ಮೃದಂಗ ನುಡಿಸುವವರಿಗೆ ಈ ತಪ್ಪು ತಿಳಿವಳಿಕೆ ಬರಲಾರದು: ಲಯ ಎಷ್ಟೇ ನಿಧಾನವಾಗಿರಲಿ, ಸಮ ಬೀಳಬೇಕಾದ ಜಾಗದಲ್ಲಿ ಬೀಳಲೇಬೇಕು. ಪ್ರತಿ ಬಾರಿಯೂ 40 ಮೈಕ್ರೋಸೆಕೆಂಡಿನ ಒಳಗೆ ಉತ್ತರ ಕೊಡುವ ನಿಧಾನದ ಚಿಪ್ಪು ನಮ್ಮ ಮೋಟಾರಿಗೆ ಸಾಕು. ಸರಾಸರಿ 2 ಮೈಕ್ರೋಸೆಕೆಂಡಿನಲ್ಲಿ ಉತ್ತರಿಸಿ, ಹತ್ತು ಲಕ್ಷಕ್ಕೊಮ್ಮೆ ಮಾತ್ರ 5 ಮಿಲಿಸೆಕೆಂಡ್ ತಡಮಾಡುವ ದುಬಾರಿ ಪ್ರೊಸೆಸರು ಸಾಲದು. ಸೆಕೆಂಡಿಗೆ 20,000 ಪಲ್ಸುಗಳ ಲೆಕ್ಕದಲ್ಲಿ ಹತ್ತು ಲಕ್ಷಕ್ಕೊಮ್ಮೆ ಎಂದರೆ 50 ಸೆಕೆಂಡಿಗೊಮ್ಮೆ. ಆದ್ದರಿಂದ ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಅತಿ ಕೆಟ್ಟ ಸಂದರ್ಭದಲ್ಲಿ ಎಷ್ಟು ತಡವಾದೀತು?

ಡೆಸ್ಕ್‌ಟಾಪ್ ಕಾರ್ಯಾಚರಣಾ ವ್ಯವಸ್ಥೆಯನ್ನು ಕಟ್ಟಿದವರು ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಕಟ್ಟಲಿಲ್ಲ, ಅದರಲ್ಲಿ ಅವರ ತಪ್ಪೇನೂ ಇಲ್ಲ. ಬ್ರೌಸರು, ಸಂಗೀತ, ಮುದ್ರಣ, ಡಿಸ್ಕು ಇವೆಲ್ಲಕ್ಕೂ ಪ್ರೊಸೆಸರನ್ನು ನ್ಯಾಯವಾಗಿ ಹಂಚಿ, ಒಟ್ಟಾರೆ ಹೆಚ್ಚು ಕೆಲಸ ತೆಗೆಯುವುದು ಅವರ ಗುರಿಯಾಗಿತ್ತು. ಸೂಕ್ಷ್ಮವಾದ ಕೆಲಸದ ನಡುವೆ ಯಾರೂ ಅಡ್ಡ ಬರದಿರಲೆಂದು ಕರ್ನಲ್, ಅಂದರೆ ಕಾರ್ಯಾಚರಣಾ ವ್ಯವಸ್ಥೆಯ ತಿರುಳು, ಆಗಾಗ ಇಂಟರಪ್ಟುಗಳಿಗೆ, ಅಂದರೆ ಪ್ರೊಸೆಸರನ್ನು ತಡೆದು ತುರ್ತಾಗಿ ಗಮನ ಬೇಡುವ ಸಂಕೇತಗಳಿಗೆ, ಬಾಗಿಲು ಹಾಕಿಕೊಳ್ಳುತ್ತದೆ. ಮೆಮೊರಿಯ ಪುಟವೊಂದು ಡಿಸ್ಕಿಗೆ ಹೋಗಿದ್ದರೆ ಅದನ್ನು ತರುವವರೆಗೆ ಪ್ರೋಗ್ರಾಮು ಮಿಲಿಸೆಕೆಂಡುಗಟ್ಟಲೆ ಕಾಯುತ್ತದೆ. ಕೆಲಸವಿಲ್ಲದ ಪ್ರೊಸೆಸರು ವಿದ್ಯುತ್ ಉಳಿಸಲು ನಿದ್ದೆಗೆ ಜಾರಿದರೆ, ಎಚ್ಚರಗೊಳ್ಳಲು ಅದಕ್ಕೂ ಸಮಯ ಬೇಕು. ಬರೆಯುವವರಿಗೂ ಓದುವವರಿಗೂ ಇವೊಂದೂ ಗೊತ್ತಾಗುವುದಿಲ್ಲ; ಮೋಟಾರಿಗೆ ಗೊತ್ತಾಗುತ್ತದೆ.

ಗಡುವಿನ ಕೆಲಸಕ್ಕೆ ಪ್ರತ್ಯೇಕ ಯಂತ್ರವನ್ನು, ಅದಕ್ಕೆಂದೇ ಬರೆದ ಕಾರ್ಯಾಚರಣಾ ವ್ಯವಸ್ಥೆಯನ್ನು ಇಡಬಹುದು. ಆದರೆ ಪರದೆ, ಕಡತ, ಜಾಲ, ಡ್ರೈವರು ಮುಂತಾದ ಸೌಕರ್ಯಗಳೆಲ್ಲ ಡೆಸ್ಕ್‌ಟಾಪಿನ ಕಡೆ ಇವೆ, ಪ್ರಯೋಗಾಲಯಕ್ಕೂ ಸಣ್ಣ ಕಾರ್ಖಾನೆಗೂ ಅವು ಬೇಕು. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಕೂಡಿಸುವ ಪ್ರಯತ್ನಗಳಲ್ಲಿ ನನಗೆ ಇಂದಿಗೂ ಅತ್ಯಂತ ಚೆಲುವಾಗಿ ಕಾಣುವುದು ಅಮೆರಿಕದ ನ್ಯೂ ಮೆಕ್ಸಿಕೊ ಟೆಕ್ ಸಂಸ್ಥೆಯಲ್ಲಿ ವಿಕ್ಟರ್ ಯೊಡೈಕೆನ್ ಮತ್ತು ಅವರ ವಿದ್ಯಾರ್ಥಿ ಮೈಕೆಲ್ ಬಾರಬನೋವ್ 1990ರ ದಶಕದ ನಡುವಿನಲ್ಲಿ ರೂಪಿಸಿದ ಆರ್‌ಟಿಲಿನಕ್ಸ್. ಮುಕ್ತ ಕಾರ್ಯಾಚರಣಾ ವ್ಯವಸ್ಥೆಯಾದ ಲಿನಕ್ಸನ್ನು ತಿದ್ದಿ ಗಡುವು ಕಲಿಸುವ ಗೋಜಿಗೆ ಅವರು ಹೋಗಲಿಲ್ಲ. ಅದರ ಕೆಳಗೆ ಒಂದು ಪುಟ್ಟ ರಿಯಲ್ ಟೈಮ್ ಕರ್ನಲನ್ನು ಇಟ್ಟು, ಇಡೀ ಲಿನಕ್ಸನ್ನು ಆ ಕರ್ನಲಿನ ಅತ್ಯಂತ ಕಡಿಮೆ ಆದ್ಯತೆಯ ಕೆಲಸವನ್ನಾಗಿ ಮಾಡಿದರು. ಬೇರೆ ಯಾರಿಗೂ ಕೆಲಸವಿಲ್ಲದಾಗ ಲಿನಕ್ಸ್ ಓಡಲಿ ಎಂಬ ಏರ್ಪಾಡು ಅದು.

ಇದರ ಕೀಲಿ ಇರುವುದು ಇಂಟರಪ್ಟುಗಳ ಬಾಗಿಲಿನಲ್ಲಿ. ಲಿನಕ್ಸ್ ಬಾಗಿಲು ಹಾಕಲು ಬಳಸುತ್ತಿದ್ದ ಪ್ರೊಸೆಸರ್ ಆದೇಶಗಳನ್ನು ತೆಗೆದು, ಅವುಗಳ ಜಾಗದಲ್ಲಿ ಕೇವಲ ಒಂದು ಗುರುತು ಹಾಕಿಕೊಳ್ಳುವ ಕೋಡನ್ನು ಇಟ್ಟರು. ಆಗ ಲಿನಕ್ಸ್ ತಾನು ಬಾಗಿಲು ಹಾಕಿದ್ದೇನೆಂದೇ ತಿಳಿದಿರುತ್ತದೆ, ನಿಜವಾದ ಬಾಗಿಲು ತೆರೆದೇ ಇರುತ್ತದೆ. ಬಂದ ಇಂಟರಪ್ಟು ರಿಯಲ್ ಟೈಮ್ ಕೆಲಸದ್ದಾದರೆ ಪುಟ್ಟ ಕರ್ನಲ್ ಅದನ್ನು ಆ ಕ್ಷಣವೇ ನಿರ್ವಹಿಸುತ್ತದೆ; ಲಿನಕ್ಸಿನದಾದರೆ ಬರೆದಿಟ್ಟುಕೊಂಡು, ಲಿನಕ್ಸ್ ತನ್ನ ಗುರುತನ್ನು ಅಳಿಸಿದ ಮೇಲೆ ಒಪ್ಪಿಸುತ್ತದೆ. ಲಕ್ಷಾಂತರ ಸಾಲುಗಳ ಕರ್ನಲನ್ನು ಹೆಚ್ಚುಕಡಿಮೆ ಮುಟ್ಟದೆ, ಅದರ ಕೈಯಿಂದ ಗಡಿಯಾರವನ್ನು ಮಾತ್ರ ಕಸಿದುಕೊಂಡ ಹಾಗೆ.

ಇಟಲಿಯ ಮಿಲಾನೊ ಪಾಲಿಟೆಕ್ನಿಕ್‌ನಲ್ಲಿ ಪಾವೊಲೊ ಮಾಂಟೆಗಾಜಾ ಅವರ ತಂಡ ಕಟ್ಟಿದ ಆರ್‌ಟಿಎಐ, 2001ರಲ್ಲಿ ಫಿಲಿಪ್ ಜೆರಮ್ ಆರಂಭಿಸಿದ ಜೆನೊಮೈ ಇದೇ ಹಾದಿಯವು. ವಿಂಡೋಸಿನ ಬದಿಗೂ ರಿಯಲ್ ಟೈಮ್ ಕರ್ನಲನ್ನು ಕೂರಿಸುವ ವಾಣಿಜ್ಯ ಉತ್ಪನ್ನಗಳು ಬಂದವು. ಬೆಕ್‌ಹಾಫ್ ಕಂಪನಿ 1996ರಲ್ಲಿ ತಂದ ಟ್ವಿನ್‌ಕ್ಯಾಟ್ ಸಾಧಾರಣ ಪಿಸಿಯನ್ನೇ ಕಾರ್ಖಾನೆಯ ನಿಯಂತ್ರಕವನ್ನಾಗಿಸಿತು.

ಇಂತಹ ವ್ಯವಸ್ಥೆಯಲ್ಲಿ ಪ್ರೋಗ್ರಾಮು ಬರೆಯುವವರ ನಿಜವಾದ ಕೆಲಸ ಗಡಿ ಹಾಕುವುದು. ಗಡುವಿರುವ ಭಾಗವನ್ನು, ಅದನ್ನು ಮಾತ್ರ, ಗಡಿಯ ಆಚೆಗೆ ಕಳಿಸಬೇಕು. ಉಳಿದೆಲ್ಲವನ್ನೂ ಈಚೆಗೇ ಇಟ್ಟುಕೊಳ್ಳಬೇಕು. ಮಿಲ್ಲಿಂಗ್ ಯಂತ್ರದಲ್ಲಿ ನಕ್ಷೆಯನ್ನು ಓದುವುದು, ಪರದೆಯ ಮೇಲೆ ಹಾದಿಯನ್ನು ತೋರಿಸುವುದು, ನಡೆಸುವವರ ಆದೇಶ ಪಡೆಯುವುದು ಈಚೆಯ ಕೆಲಸ; ಪಲ್ಸು ಕಳಿಸುವುದು ಆಚೆಯದು. ನಡುವೆ ಇರುವುದು ಒಂದು ಸರದಿಯ ಕೊಳವೆ. ಈಚೆಯವರು ಅದರಲ್ಲಿ ಮುಂದಿನ ಚಲನೆಗಳನ್ನು ಸಾಕಷ್ಟು ಮೊದಲೇ ತುಂಬಿಡುತ್ತಾರೆ. ಆಚೆಯವರು ಸಿಕ್ಕಿದ್ದನ್ನು ತೆಗೆದುಕೊಳ್ಳುತ್ತಾರೆ, ಏನೂ ಸಿಗದಿದ್ದರೆ ಕಾಯದೆ ಸುರಕ್ಷಿತವಾಗಿ ವೇಗ ಇಳಿಸುತ್ತಾರೆ. ಆಚೆಯ ಕೋಡಿನಲ್ಲಿ ಫೈಲು ತೆರೆಯುವಂತಿಲ್ಲ, ಹೊಸ ಮೆಮೊರಿ ಬೇಡುವಂತಿಲ್ಲ. ಆರ್‌ಟಿಲಿನಕ್ಸಿನ ಕಾಲದಲ್ಲಿ ಆ ಕೋಡು ಕರ್ನಲಿನೊಳಗೇ ಓಡುತ್ತಿದ್ದುದರಿಂದ ಮೆಮೊರಿಯ ವಿಳಾಸ ಹೇಳುವ ಒಂದು ಪಾಯಿಂಟರ್ ತಪ್ಪಿದರೆ ಇಡೀ ಕಂಪ್ಯೂಟರು ಕಲ್ಲಾಗಿ ನಿಲ್ಲುತ್ತಿತ್ತು.

ಎರಡನೆಯ ಹಾದಿ ಇದಕ್ಕಿಂತ ಕಷ್ಟದ್ದು: ಲಿನಕ್ಸನ್ನೇ ಒಳಗಿನಿಂದ ಬದಲಿಸುವುದು. ಇಂಗೊ ಮೋಲ್ನಾರ್, ಥಾಮಸ್ ಗ್ಲೈಕ್ಸ್‌ನರ್ ಮೊದಲಾದವರು 2004ರ ಸುಮಾರಿಗೆ ಕೈಗೆತ್ತಿಕೊಂಡ ಪ್ರಿಎಂಪ್ಟ್ ಆರ್‌ಟಿ ಯೋಜನೆ, ಕರ್ನಲಿನ ಬಹುಪಾಲು ಕೋಡನ್ನು ನಡುವೆಯೇ ತಡೆದು ನಿಲ್ಲಿಸಬಹುದಾದಂತೆ ಮಾಡಿತು. ಇಂಟರಪ್ಟುಗಳನ್ನು ನಿರ್ವಹಿಸುವ ಕೆಲಸ ಸಾಮಾನ್ಯ ಥ್ರೆಡ್ಡುಗಳಿಗೆ (ಸರದಿಯಲ್ಲಿ ಓಡುವ ಬಿಡಿ ಕೆಲಸಗಳಿಗೆ) ಹೋಯಿತು, ಅವಕ್ಕೂ ಆದ್ಯತೆ ನಿಗದಿಯಾಯಿತು. ಒಂದೇ ದತ್ತಾಂಶವನ್ನು ಎರಡು ಕೆಲಸಗಳು ಒಟ್ಟಿಗೆ ಮುಟ್ಟದಂತೆ ಕರ್ನಲ್ ಬೀಗ ಹಾಕುತ್ತದೆ; ಅದು ತೆರೆಯುವವರೆಗೆ ಪ್ರೊಸೆಸರನ್ನು ಬಿಡದೆ ಸುತ್ತುತ್ತ ಕಾಯುವ ಬೀಗಗಳ ಬದಲು, ಕಾಯುವವರು ಮಲಗಿ ಜಾಗ ಬಿಡುವ ಬೀಗಗಳು ಬಂದವು.

ಬೀಗಗಳಿಗೆ ಆದ್ಯತೆಯ ಆನುವಂಶಿಕತೆಯೂ ಬೇಕಾಯಿತು. ಅದು ಏಕೆ ಬೇಕೆಂಬುದನ್ನು ಮಂಗಳದ ಮೇಲಿನ ಘಟನೆಯೊಂದು ಚೆನ್ನಾಗಿ ತಿಳಿಸುತ್ತದೆ. 1997ರ ಜುಲೈ 4ರಂದು ಇಳಿದ ನಾಸಾದ ಪಾಥ್‌ಫೈಂಡರ್ ನೌಕೆ ಕೆಲವೇ ದಿನಗಳಲ್ಲಿ ತನ್ನಷ್ಟಕ್ಕೆ ಮತ್ತೆ ಮತ್ತೆ ರೀಸೆಟ್ ಆಗತೊಡಗಿತು. ಹವಾಮಾನದ ದತ್ತಾಂಶ ಬರೆಯುವ ಕಡಿಮೆ ಆದ್ಯತೆಯ ಕೆಲಸವೊಂದು ಬೀಗ ಹಿಡಿದಿದ್ದಾಗ, ಅದೇ ಬೀಗಕ್ಕೆ ಮೇಲಿನ ಆದ್ಯತೆಯ ಕೆಲಸ ಕಾಯುತ್ತಿತ್ತು. ಬೀಗದ ಗೊಡವೆಯೇ ಇಲ್ಲದ ಮಧ್ಯಮ ಆದ್ಯತೆಯ ಕೆಲಸಗಳು ನಡುವೆ ಬಂದು ಕೆಳಗಿನದನ್ನು ಓಡಗೊಡಲಿಲ್ಲ; ಹಾಗಾಗಿ ಮೇಲಿನದೂ ಗಡುವು ಮೀರಿತು, ಕಾವಲು ವ್ಯವಸ್ಥೆ ಇಡೀ ಕಂಪ್ಯೂಟರನ್ನು ಮರುಚಾಲನೆ ಮಾಡಿತು. ಬೀಗ ಹಿಡಿದವನಿಗೆ, ಅದಕ್ಕಾಗಿ ಕಾಯುತ್ತಿರುವವನ ಆದ್ಯತೆಯನ್ನು ತಾತ್ಕಾಲಿಕವಾಗಿ ಕೊಡುವ ಸೌಲಭ್ಯ ನೌಕೆಯ ವಿಎಕ್ಸ್‌ವರ್ಕ್ಸ್ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಇತ್ತು, ಆ ಒಂದು ಬೀಗಕ್ಕೆ ಅದನ್ನು ಚಾಲೂ ಮಾಡಿರಲಿಲ್ಲ. ಭೂಮಿಯಿಂದಲೇ ಅದನ್ನು ಚಾಲೂ ಮಾಡಿದ ಮೇಲೆ ರೀಸೆಟ್ ನಿಂತಿತು. ಡೆಸ್ಕ್‌ಟಾಪ್ ಕರ್ನಲಿನಲ್ಲಿ ಇಂತಹ ಬೀಗಗಳು ಸಾವಿರಾರು ಇವೆ. ಅವುಗಳನ್ನು ಹುಡುಕಿ ಸರಿಪಡಿಸುತ್ತ ಹೋದ ಆ ಯೋಜನೆಯ ತಾಳ್ಮೆಗೆ ನನ್ನ ಗೌರವ ದೊಡ್ಡದು. ಕರ್ನಲ್ ಸಂದೇಶ ಮುದ್ರಿಸುವ ವ್ಯವಸ್ಥೆಯೇ ಕೊನೆಯ ದೊಡ್ಡ ತೊಡಕಾಗಿತ್ತು. ಅದೂ ಬಗೆಹರಿದು, 2024ರ ಸೆಪ್ಟೆಂಬರಿನಲ್ಲಿ ಯೋಜನೆ ಮುಖ್ಯ ಲಿನಕ್ಸಿಗೆ ಸೇರಿತು. ಅದೇ ನವೆಂಬರಿನ 6.12ನೆಯ ಆವೃತ್ತಿಯಲ್ಲಿ ಎಲ್ಲರಿಗೂ ದೊರೆಯಿತು.

ಈಗ ಗಡುವಿನ ಪ್ರೋಗ್ರಾಮು ಸಾಮಾನ್ಯ ಪ್ರೋಗ್ರಾಮಿನಂತೆಯೇ ಓಡಬಲ್ಲದು, ಆದರೆ ಶಿಸ್ತು ಬದಲಾಗಿಲ್ಲ. ಆರಂಭದಲ್ಲೇ ತನ್ನ ಮೆಮೊರಿಯೆಲ್ಲವನ್ನೂ ಡಿಸ್ಕಿಗೆ ಹೋಗದಂತೆ ಕಟ್ಟಿಹಾಕಬೇಕು. ಒಂದು ಪ್ರೊಸೆಸರ್ ಕೋರನ್ನು ಉಳಿದ ಕೆಲಸಗಳಿಂದ ಬಿಡಿಸಿ ತನಗೆಂದೇ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಪ್ರತಿ ಸುತ್ತಿನ ಕೊನೆಗೆ ‘ಇನ್ನೊಂದು ಮಿಲಿಸೆಕೆಂಡ್ ಮಲಗುತ್ತೇನೆ’ ಎಂದು ಹೇಳುವ ಕೋಡು, ಸುತ್ತಿಗೆ ತಗಲಿದ ಸಮಯವನ್ನೂ ಎಚ್ಚರಗೊಳ್ಳುವ ತಡವನ್ನೂ ಕೂಡಿಸಿಕೊಳ್ಳುತ್ತ ಹಿಂದೆ ಬೀಳುತ್ತದೆ. ‘ಇಂತಹ ಹೊತ್ತಿಗೆ ಎಬ್ಬಿಸು’ ಎಂದು ಗಡಿಯಾರದ ಸಮಯವನ್ನೇ ಕೊಟ್ಟ ಕೋಡು ಹಿಂದೆ ಬೀಳುವುದಿಲ್ಲ. ಕಲಿಯುವವರು ಈ ಒಂದು ವ್ಯತ್ಯಾಸವನ್ನು ಬರೆದು, ಅಳೆದು ನೋಡಬೇಕೆಂದು ನಾನು ಒತ್ತಾಯಿಸುತ್ತೇನೆ.

ಶೆಡ್ಡಿನ ಕಂಪ್ಯೂಟರಿಗೆ ಕೊನೆಗೆ, ಇಂತಹ ಯಂತ್ರಗಳನ್ನು ಲಿನಕ್ಸಿನಿಂದ ನಡೆಸುವ ಲಿನಕ್ಸ್‌ಸಿಎನ್‌ಸಿ ಹಾಕಿದೆವು. ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಹುಟ್ಟಿ ಸಾರ್ವಜನಿಕವಾದ ಈ ತಂತ್ರಾಂಶದ ಜೊತೆಗೆ ತಡವನ್ನು ಅಳೆಯುವ ಪುಟ್ಟ ಪ್ರೋಗ್ರಾಮೊಂದು ಬರುತ್ತದೆ. ಅದನ್ನು ಓಡಿಸಿ, ಕಿಟಕಿಗಳನ್ನು ಎಳೆದಾಡಿ, ಫೈಲುಗಳನ್ನು ನಕಲು ಮಾಡಿ, ವಿಡಿಯೊ ಹಚ್ಚಿ, ಯಂತ್ರವನ್ನು ಬೇಕೆಂದೇ ಕಾಡಬೇಕು. ಅತಿ ಹೆಚ್ಚಿನ ತಡ 20 ಮೈಕ್ರೋಸೆಕೆಂಡಿನೊಳಗೆ ನಿಂತರೆ ಪಲ್ಸು ಕಳಿಸಲು ಆ ಕಂಪ್ಯೂಟರು ಉತ್ತಮ. 100 ದಾಟಿದರೆ ಬೇಡ. ನಮ್ಮದರಲ್ಲಿ ಅಂಕಿ ಬಹಳ ಹೊತ್ತು 9ರಲ್ಲೇ ಇದ್ದು, ಥಟ್ಟನೆ ಮುನ್ನೂರಕ್ಕೆ ಹಾರುತ್ತಿತ್ತು. ಮದರ್‌ಬೋರ್ಡಿನ ಚಿಪ್ಪಿನಲ್ಲೇ ಬರೆದಿಟ್ಟ ತಂತ್ರಾಂಶ (ಫರ್ಮ್‌ವೇರ್, ಅಂದರೆ ಬಯಾಸ್) ಕಾರ್ಯಾಚರಣಾ ವ್ಯವಸ್ಥೆಗೂ ತಿಳಿಸದೆ ಪ್ರೊಸೆಸರನ್ನು ಎರವಲು ಪಡೆಯುವ ಒಂದು ಬಗೆಯ ಇಂಟರಪ್ಟು ಇದೆ. ಯಾವ ಕರ್ನಲೂ ಅದನ್ನು ತಡೆಯಲಾರದು. ಬಯಾಸ್‌ನಲ್ಲಿ ಯುಎಸ್‌ಬಿ ಕೀಬೋರ್ಡನ್ನು ಹಳೆಯ ಬಗೆಯ ಕೀಬೋರ್ಡಿನಂತೆ ತೋರಿಸುವ ಅನುಕರಣೆಯನ್ನು ನಿಲ್ಲಿಸಿದ ಮೇಲೆ ಆ ಹಾರಾಟ ನಿಂತಿತು. ಇಡೀ ರಾತ್ರಿ ಪರೀಕ್ಷೆ ಓಡಲು ಬಿಟ್ಟು ಬೆಳಿಗ್ಗೆ ಬಂದು ನೋಡಿದಾಗ ಪರದೆಯ ಮೇಲೆ 14 ಇತ್ತು. ಆಮೇಲೆಯೇ ಹೊಸ ತಟ್ಟೆಯನ್ನು ಬಿಗಿದೆವು.