‘ಪ್ಯಾಡ್ ತೇದಿದೆ’ ಅಂದರೆ ಏನು?

“ಪ್ಯಾಡ್ ತೇಞ್ಞು ಪೋಯಿ ಮಾಷೇ” ಎಂದ ಮೆಕ್ಯಾನಿಕ್. ಬದಿಯಡ್ಕದ ಒಂದು ವರ್ಕ್‌ಶಾಪ್, ನನ್ನ ಕಾರಿನ ಬ್ರೇಕ್ ಬಿಚ್ಚಿಟ್ಟಿತ್ತು. ಆಮೇಲೆ ನನ್ನ ಮುಖ ನೋಡಿ ಕನ್ನಡಕ್ಕೆ ಬಂದ. “ತೇದು ಹೋಗಿದೆ ಮಾಷ್ಟ್ರೇ. ಇನ್ನು ಕಾಗದದಷ್ಟು ಉಂಟು.”

ನಮ್ಮ ಕಾಸರಗೋಡಿನಲ್ಲಿ ಒಂದೇ ಮಾತು ಎರಡು ಭಾಷೆಯಲ್ಲಿ ಕಿವಿಗೆ ಬೀಳುವುದು ಹೊಸತೇನಲ್ಲ. ಈ ಸಲ ನನಗೆ ಖುಷಿಯಾದದ್ದು ಆ ‘ತೇಯು’ ಎಂಬ ಶಬ್ದದಿಂದ. ಎರಡೂ ಭಾಷೆಯಲ್ಲಿ ಬೇರು ಒಂದೇ. ಬ್ರೇಕ್ ಪ್ಯಾಡ್‌ಗೆ ಇದಕ್ಕಿಂತ ಒಪ್ಪುವ ಶಬ್ದ ಸಿಗಲಿಕ್ಕಿಲ್ಲ.

ಚಪ್ಪಲಿ ಸವೆಯುತ್ತದೆ, ಟಯರ್ ಸವೆಯುತ್ತದೆ. ಗಂಧವನ್ನು ಮಾತ್ರ ತೇಯುತ್ತೇವೆ, ಅಲ್ವಾ? ಸಾಣೆಕಲ್ಲಿನ ಮೇಲೆ ಕೊರಡು ಒತ್ತಿ ಉಜ್ಜಿದರೆ ಕೊರಡು ಕರಗುತ್ತದೆ, ಕಲ್ಲು ಉಳಿಯುತ್ತದೆ. ಕೊರಡು ಇರುವುದೇ ತೇಯಲಿಕ್ಕೆ. ಕಾರಿನಲ್ಲೂ ಹೀಗೇ. ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆ, ಅಂದರೆ ಡಿಸ್ಕ್, ಸಾಣೆಕಲ್ಲು. ಎರಡು ಬದಿಯಿಂದ ಅದನ್ನು ಒತ್ತುವ ಪ್ಯಾಡ್‌ಗಳು ಕೊರಡು. ಒತ್ತಿ ಹಿಡಿಯುವ ಕೈ ಕ್ಯಾಲಿಪರ್. ಇಲ್ಲಿ ತಿರುಗುವುದು ಕಲ್ಲು, ಅಷ್ಟೇ ವ್ಯತ್ಯಾಸ. ಗಂಧದ ಬದಲು ಬರುವುದು ಕಪ್ಪು ಪುಡಿ. ಮುಂದಿನ ಚಕ್ರದ ರಿಮ್ಮಿಗೆ ಅಂಟಿಕೊಳ್ಳುವ ಧೂಳಿನಲ್ಲಿ ಅದು ಬೇಕಾದಷ್ಟಿರುತ್ತದೆ. (ಅದನ್ನು ಬಾಯಿಂದ ಊದಬೇಡಿ. ಹಿಂದೆ ಪ್ಯಾಡ್‌ಗೆ ಆಸ್ಬೆಸ್ಟಾಸ್ ಹಾಕುತ್ತಿದ್ದರು. ಈಗಿನದೂ ಶ್ವಾಸಕೋಶಕ್ಕೆ ಹಿತವಲ್ಲ.)

ಹಳಬರು ಎಲ್ಲದಕ್ಕೂ ‘ಲೈನರ್’ ಅನ್ನುತ್ತಾರೆ. ಅದು ಡ್ರಮ್ ಬ್ರೇಕಿನ, ಅಂದರೆ ತಿರುಗುವ ಡಬ್ಬದ ಒಳಮೈಗೆ ಒತ್ತುವ ಬ್ರೇಕಿನ ಮಾತು. ಇಲ್ಲಿಯ ಹೆಚ್ಚಿನ ಸಣ್ಣ ಕಾರುಗಳಲ್ಲಿ ಮುಂದೆ ಡಿಸ್ಕ್, ಹಿಂದೆ ಡ್ರಮ್. ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಕ್ಕೆ ವಾಲುವುದರಿಂದ ಮುಂದಿನ ಬ್ರೇಕಿಗೇ ಕೆಲಸ ಜಾಸ್ತಿ.

ಮೆಕ್ಯಾನಿಕ್ ಬಿಚ್ಚಿದ ಪ್ಯಾಡನ್ನು ನನ್ನ ಕೈಗೇ ಕೊಟ್ಟ. ಅಂಗೈಯೊಳಗೆ ಹಿಡಿಸುವ ಉಕ್ಕಿನ ಹಲಗೆ, ಅದರ ಮೇಲೆ ಬೂದು ಬಣ್ಣದ ತೆಳ್ಳಗಿನ ಪದರ. ಹೊಸ ಪ್ಯಾಡನ್ನು ಪಕ್ಕದಲ್ಲಿಟ್ಟ. ಅದರಲ್ಲಿ ಪದರ 10 ಮಿಲಿಮೀಟರಿನಷ್ಟು ದಪ್ಪ, ನಡುವೆ ಒಂದು ಗೀರು. ನನ್ನದರಲ್ಲಿ ಆ ಗೀರು ಪೂರ್ತಿ ಅಳಿಸಿಹೋಗಿತ್ತು. ಪದರ 3 ಮಿಲಿಮೀಟರಿಗೆ ಬಂದರೆ ಬದಲಿಸುವ ಹೊತ್ತು ಎನ್ನುವುದು ರೂಢಿಯ ಲೆಕ್ಕ. ಒಂದು ರೂಪಾಯಿಯ ಎರಡು ನಾಣ್ಯ ಒಂದರ ಮೇಲೊಂದು ಇಡಿ, ಹೆಚ್ಚುಕಡಿಮೆ ಅಷ್ಟೇ ದಪ್ಪ. ಅಳೆಯುವಾಗ ಹಿಂದಿನ ಹಲಗೆಯನ್ನು ಸೇರಿಸಬಾರದು. ನಾನು ಸೇರಿಸಿ ನೋಡಿ “ಇನ್ನೂ ಇದೆಯಲ್ಲ” ಎಂದೆ. ಅವನು ನಕ್ಕ.

‘ಎಷ್ಟು ಕಿಲೋಮೀಟರಿಗೆ ಬದಲಿಸಬೇಕು’ ಎಂಬ ಪ್ರಶ್ನೆಗೆ ನನ್ನ ಮಟ್ಟಿಗೆ ಅರ್ಥವೇ ಇಲ್ಲ. 30,000ಕ್ಕೆ ಮುಗಿಯುವುದೂ ಉಂಟು, 60,000 ದಾಟುವುದೂ ಉಂಟು. ಕುಂಬಳೆಯಿಂದ ಮಂಗಳೂರಿಗೆ ಹೈವೇಯಲ್ಲಿ ಓಡುವ ಕಾರೂ ದಿನಾ ಘಾಟಿ ಹತ್ತಿ ಇಳಿಯುವ ಕಾರೂ ಒಂದೇ ಅಲ್ಲ. ನನ್ನ ಪ್ಯಾಡ್ ಮುಗಿದದ್ದರಲ್ಲಿ ಸಂಪಾಜೆ ಘಾಟಿಯ ಪಾಲು ದೊಡ್ಡದು. ಮಡಿಕೇರಿಯಿಂದ ಇಳಿಯುವಾಗ ಟಾಪ್ ಗೇರಿನಲ್ಲೇ ಇಟ್ಟು ಸುಮ್ನೆ ಬ್ರೇಕ್ ತುಳಿಯುತ್ತಾ ಬಂದರೆ ಮತ್ತೇನಾಗುತ್ತದೆ? ಎರಡನೇ, ಮೂರನೇ ಗೇರಿಗೆ ಇಳಿಸಿದರೆ ಎಂಜಿನ್ನೇ ಕಾರನ್ನು ಹಿಡಿಯುತ್ತದೆ. ಇಲ್ಲವಾದರೆ ಪ್ಯಾಡ್ ಕಾದು ಸುಟ್ಟ ವಾಸನೆ ಬರುತ್ತದೆ. ಕಾದ ಪ್ಯಾಡಿನ ಹಿಡಿತವೂ ಕಡಿಮೆ.

ಹಾಗಾದರೆ ಗೊತ್ತಾಗುವುದು ಹೇಗೆ? ಮೊದಲು ಕಿವಿಗೆ. ಅನೇಕ ಪ್ಯಾಡ್‌ಗಳಲ್ಲಿ ಒಂದು ಸಣ್ಣ ಉಕ್ಕಿನ ನಾಲಗೆ ಇರುತ್ತದೆ. ಪದರ ತೆಳ್ಳಗಾದಾಗ ಆ ನಾಲಗೆ ಡಿಸ್ಕಿಗೆ ತಾಗಿ ‘ಕೀಂಯ್’ ಎಂದು ಕಿರುಚುತ್ತದೆ. ಕೆಟ್ಟು ಹೋಗಿ ಬರುವ ಸದ್ದಲ್ಲ, ಬೇಕೆಂದೇ ಇಟ್ಟ ಎಚ್ಚರಿಕೆ. ನಾನು ಆ ಸದ್ದಿಗೆ ಹಾಡಿನ ವಾಲ್ಯೂಮ್ ಏರಿಸಿದವನು. ಮುಂದಿನ ಹಂತ ‘ಗರಗರ’. ಅಲ್ಲಿಗೆ ಪದರ ಮುಗಿದು ಉಕ್ಕಿಗೆ ಕಬ್ಬಿಣ ಉಜ್ಜುತ್ತಿದೆ ಎಂದು ಅರ್ಥ. ಆಮೇಲೆ ಡಿಸ್ಕಿನ ಮೈಯೆಲ್ಲ ಗೀರು. ಪ್ಯಾಡಿನ ಖರ್ಚಿನಲ್ಲಿ ಮುಗಿಯುವುದು ಡಿಸ್ಕಿನ ಖರ್ಚಾಗುತ್ತದೆ.

ನಮ್ಮ ಕಡೆ ಇನ್ನೊಂದು ಸದ್ದು ಉಂಟು. ಜೂನ್‌ನಲ್ಲಿ ಮಳೆ ಹಿಡಿದರೆ, ಅಂಗಳದಲ್ಲಿ ರಾತ್ರಿಯಿಡೀ ನಿಂತ ಕಾರಿನ ಡಿಸ್ಕಿಗೆ ಬೆಳಗ್ಗೆ ತೆಳುವಾಗಿ ತುಕ್ಕು ಕೂತಿರುತ್ತದೆ. ಹೊರಟಾಗ ಕರಕರ ಅನ್ನುತ್ತದೆ, ನಾಲ್ಕೈದು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ. ಅದಕ್ಕೆ ಹೆದರಬೇಕಿಲ್ಲ. ಹೋಗದಿದ್ದರೆ ತೋರಿಸಿ.

ಇನ್ನೊಂದು ಸುಳಿವು ಬಾನೆಟ್ ಕೆಳಗಿದೆ. ಪ್ಯಾಡ್ ತೇದಷ್ಟೂ ಅದನ್ನು ತಳ್ಳುವ ಕ್ಯಾಲಿಪರಿನ ಪಿಸ್ಟನ್ ಮುಂದೆ ಬರುತ್ತದೆ. ಅದರ ಹಿಂದೆ ಬಿಟ್ಟ ಜಾಗ ತುಂಬಲು ಬ್ರೇಕ್ ಆಯಿಲ್ ಇಳಿಯುತ್ತದೆ. ಡಬ್ಬಿಯಲ್ಲಿ ಮಟ್ಟ ತಗ್ಗಿದರೆ ಹ್ಯಾಂಡ್‌ಬ್ರೇಕಿನ ಕೆಂಪು ದೀಪವೇ ಹತ್ತಬಹುದು. ಆಗ ಆಯಿಲ್ ಸುರಿದು ದೀಪ ಆರಿಸುವುದು ಬೇಡ, ಮೊದಲು ಪ್ಯಾಡ್ ನೋಡಿಸಿ. ಸುರಿದಿಟ್ಟರೆ, ಪಿಸ್ಟನ್ ಹಿಂದಕ್ಕೆ ತಳ್ಳಿ ಹೊಸ ಪ್ಯಾಡ್ ಕೂರಿಸುವಾಗ ಅದು ಉಕ್ಕಿ ಚೆಲ್ಲುತ್ತದೆ, ಪೇಂಟ್ ಕಿತ್ತು ಬರುತ್ತದೆ. ಪ್ಯಾಡ್ ಸರಿಯಿದ್ದೂ ಮಟ್ಟ ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಅದು ಇನ್ನೂ ಗಂಭೀರ.

ಬ್ರೇಕ್ ಒತ್ತಿದಾಗ ಪೆಡಲ್ ನಡುಗಿದರೆ ಹೆಚ್ಚಾಗಿ ತಪ್ಪು ಪ್ಯಾಡಿನದಲ್ಲ, ಡಿಸ್ಕಿನದು. ಸಾಣೆಕಲ್ಲೂ ವರ್ಷಗಟ್ಟಲೆ ತೇದರೆ ನಡುವೆ ತಗ್ಗುತ್ತದಲ್ಲ, ಹಾಗೆ. ಡಿಸ್ಕ್ ಎಷ್ಟು ತೆಳ್ಳಗಾಗಬಹುದು ಎಂಬುದನ್ನು ಅನೇಕ ಕಡೆ ಅದರ ಅಂಚಿನಲ್ಲೇ ಕೊರೆದಿರುತ್ತಾರೆ.

ಚಕ್ರದ ಸಂದಿಯಿಂದ ಟಾರ್ಚ್ ಹಾಕಿ ನೋಡಿದರೆ ಹೊರಗಿನ ಪ್ಯಾಡ್ ಕಾಣುತ್ತದೆ. ಒಳಗಿನದು ಅದಕ್ಕಿಂತ ಬೇಗ ತೇಯುವುದುಂಟು. ಕ್ಯಾಲಿಪರ್ ಸರಿದಾಡುವ ಪಿನ್ ಬಿಗಿಯಾಗಿದ್ದರಂತೂ ಖಂಡಿತ ಒಂದೇ ಸಮ ತೇಯುವುದಿಲ್ಲ. ಹಾಗಾಗಿ ಚಕ್ರ ಬಿಚ್ಚಿಸಿಯೇ ನೋಡಬೇಕು. ಬದಲಿಸುವುದಾದರೆ ಎಡ, ಬಲ ಎರಡೂ ಚಕ್ರದ್ದು ಒಟ್ಟಿಗೆ. ಒಂದೇ ಬದಿ ಹೊಸತಾದರೆ ಬ್ರೇಕ್ ಒತ್ತಿದಾಗ ಕಾರು ಒಂದು ಕಡೆಗೆ ಎಳೆಯಬಹುದು.

ದುಡ್ಡು ಕೊಟ್ಟು ಹೊರಡುವಾಗ ಅವನು ಕಿಟಕಿಗೆ ಬಗ್ಗಿ ಹೇಳಿದ, “ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್ ಮೆಲ್ಲ ಹೋಗಿ ಮಾಷ್ಟ್ರೇ. ಪ್ಯಾಡ್ ಡಿಸ್ಕಿಗೆ ಕೂರಬೇಕು.” ಹೊಸ ಪ್ಯಾಡಿನ ಮೈ ಡಿಸ್ಕಿನ ಮೈಗೆ ಹೊಂದುವವರೆಗೆ ಪೂರ್ತಿ ಹಿಡಿತ ಬರುವುದಿಲ್ಲ. ಅಲ್ಲಿಂದ ಪೆರ್ಲದವರೆಗೆ ನನ್ನ ಹಿಂದೆ ಬಂದ ಬಸ್ಸಿನವನು ಹಾರ್ನ್ ಹೊಡೆಯುತ್ತಲೇ ಇದ್ದ.