ಎಂಜಲಿನಲ್ಲಿ ಸಿಕ್ಕಿಬೀಳುವ ಕಳ್ಳ

ಹಾಸನದಿಂದ ಅಮ್ಮ ಕೊಟ್ಟು ಕಳಿಸಿದ ಅವರೆ ಬೀಜ, ಪುಣೆಯ ಕೋಥ್ರೂಡಿನ ನಮ್ಮ ಬಾಲ್ಕನಿಯಲ್ಲಿ ಬಳ್ಳಿಯಾಗಿ ಹಬ್ಬಿತ್ತು. ಹೂ ಬಿಡುವ ಹೊತ್ತಿಗೆ ಕುಡಿಗಳೆಲ್ಲ ಕಪ್ಪಾದವು. ಫೋಟೋ ತೆಗೆದು ನರ್ಸರಿಯವನಿಗೆ ತೋರಿಸಿದೆ. 'ಮಾವಾ ಪಡ್ಲಾಯ್' ಅಂದ. ಮನೆಗೆ ಬಂದು ಅದನ್ನೇ ಹೇಳಿದರೆ ನನ್ನಾಕೆಗೆ ಗಾಬರಿ. "ಮಾವ ಬಿದ್ರಾ? ಎಲ್ಲಿ?"

ಮರಾಠಿಯಲ್ಲಿ ಮಾವಾ ಅಂದರೆ ಸಸ್ಯಹೇನು.

ಭೂತಗನ್ನಡಿ ಹಿಡಿದು ನೋಡಿದೆ. ಎಳೆ ಕಾಂಡಕ್ಕೆ ಸೂಜಿಬಾಯಿ ಚುಚ್ಚಿ, ಹಿಂಭಾಗ ಮೇಲೆತ್ತಿ ಸುಮ್ನೆ ಕೂತಿವೆ. ಒಂದರ ಹಿಂಬದಿಯಲ್ಲಿ ಹರಳಿನಂಥ ಹನಿ. ಇರುವೆಯೊಂದು ಬಂದು ಅದನ್ನು ನೆಕ್ಕಿಕೊಂಡು ಹೋಯಿತು. ಗಿಡದ ರಸದಲ್ಲಿ ಸಕ್ಕರೆ ಜಾಸ್ತಿ, ಪ್ರೋಟೀನಿಗೆ ಬೇಕಾದ ಸಾಮಗ್ರಿ ಕಡಿಮೆ. ಹಾಗಾಗಿ ಹೇನು ಹೊಟ್ಟೆ ತುಂಬ ಕುಡಿದು, ಬೇಡದ ಸಿಹಿಯನ್ನು ಹೊರಗೆ ಬಿಡುತ್ತದೆ.

ಎಲೆ ಹರಿದು ತಿನ್ನುವ ಹುಳ ಡಕಾಯಿತನಿದ್ದ ಹಾಗೆ, ಬಂದ ಕೂಡಲೇ ಗಿಡಕ್ಕೆ ಗೊತ್ತಾಗುತ್ತದೆ. ಹೇನು ಲೋಕಲ್ ಟ್ರೇನಿನ ಜೇಬುಗಳ್ಳ. ಕೂದಲಿಗಿಂತ ತೆಳುವಾದ ಸೂಜಿಯನ್ನು ಜೀವಕೋಶಗಳ ಸಂದಿಯಲ್ಲೇ ತೂರಿಸಿ, ಆಹಾರ ಸಾಗಿಸುವ ಕೊಳವೆಯನ್ನು ಮುಟ್ಟುತ್ತದೆ. ಅಲ್ಲಿ ರಸ ಒತ್ತಡದಲ್ಲಿರುತ್ತದೆ, ಹೆಚ್ಚು ಹೀರುವ ಕಷ್ಟವೂ ಇಲ್ಲ. (2002ರಲ್ಲಿ ನಮ್ಮ ದೇಶಕ್ಕೆ ಬಂದ ಬಿಟಿ ಹತ್ತಿಯ ಪ್ರೋಟೀನು ಕಾಯಿ ಕೊರೆಯುವ ಕೆಲವು ಹುಳುಗಳಿಗೆ ವಿಷ. ರಸ ಹೀರುವವರಿಗೆ ಅದರಿಂದ ಏನೂ ಆಗುವುದಿಲ್ಲ.)

ಹಾಗಂತ ಗಿಡ ಪೂರ್ತಿ ದಡ್ಡ ಅಲ್ಲ. ಬೇಳೆಕಾಳಿನ ಜಾತಿಯ ಗಿಡಗಳ ಈ ಕೊಳವೆಗಳಲ್ಲಿ ಒಂದು ಬಗೆಯ ಪ್ರೋಟೀನಿನ ಗಂಟುಗಳಿರುತ್ತವೆ. ಕೊಳವೆಗೆ ಗಾಯವಾದರೆ ಕ್ಯಾಲ್ಸಿಯಂ ಒಳನುಗ್ಗುತ್ತದೆ, ಗಂಟು ಉಬ್ಬಿ ಬಿರಡೆಯಂತೆ ದಾರಿ ಮುಚ್ಚುತ್ತದೆ. ಹೇನಿನ ಎಂಜಲಿನಲ್ಲಿ ಕ್ಯಾಲ್ಸಿಯಂ ಹಿಡಿದಿಡುವ ಪ್ರೋಟೀನುಗಳಿವೆ. ಅದನ್ನು ಉಗುಳಿದರೆ ಬಿರಡೆ ಮತ್ತೆ ಕುಗ್ಗುತ್ತದೆ. ಎಂಥ ಕಿಲಾಡಿ, ಅಲ್ವಾ?

ಆದರೆ ಕಳ್ಳ ಸಿಕ್ಕಿಬೀಳುವುದೂ ಆ ಎಂಜಲಿನಿಂದಲೇ.

ಕೆಲವು ಗಿಡಗಳಲ್ಲಿ ಕಾವಲುಗಾರ ಪ್ರೋಟೀನುಗಳನ್ನು ತಯಾರಿಸುವ ಜೀನ್‌ಗಳಿವೆ. ಈ ಪ್ರೋಟೀನುಗಳು ಜೀವಕೋಶದೊಳಗೆ ಕಾದು ಕೂತು, ಪರಕೀಯ ಎಂಜಲಿನ ಸುಳಿವಿಗಾಗಿ ನೋಡುತ್ತಿರುತ್ತವೆ. ಭತ್ತದ ಬಿಪಿಎಚ್14 ಅಂಥದ್ದು. ಭತ್ತದ ರಸ ಹೀರುವ ಕಂದು ಜಿಗಿಹುಳು ಚುಚ್ಚಿದಾಗ ಅದರ ಎಂಜಲಿನ ಒಂದು ಪ್ರೋಟೀನನ್ನು ಈ ಕಾವಲುಗಾರ ನೇರವಾಗಿ ಹಿಡಿದುಕೊಳ್ಳುತ್ತದೆ. ಆಗ ಗಿಡ ರಕ್ಷಣೆಗೆ ನಿಲ್ಲುತ್ತದೆ. 2023ರಲ್ಲಿ ಚೀನಾದ ವಿಜ್ಞಾನಿಗಳು ಇದನ್ನು ತೋರಿಸಿದರು. ನನಗೆ ಇಷ್ಟವಾದದ್ದು ಮುಂದಿನ ಭಾಗ: ಹುಳು ಹೋದ ಮೇಲೆ ಗಿಡ ಆ ಎಂಜಲಿನ ಪ್ರೋಟೀನನ್ನು ಚೂರು ಮಾಡಿ, ಎಚ್ಚರಿಕೆಯ ಗಂಟೆ ಬಾರಿಸುವುದನ್ನು ನಿಲ್ಲಿಸುತ್ತದೆ. ಸದಾ ಕಾದಾಡುತ್ತಿದ್ದರೆ ಬೆಳೆಯುವುದು ಯಾವಾಗ?

ಟೊಮೆಟೊದ ಎಂಐ ಜೀನ್ ಕಾಡು ಟೊಮೆಟೊದಿಂದ ಬಂದದ್ದು. ಬೇರಿಗೆ ಗಂಟು ಕಟ್ಟಿಸುವ ಜಂತುಹುಳು ತಡೆಯಲು ತಂದರು. ಅದೇ ಜೀನ್ ಒಂದು ಜಾತಿಯ ಹೇನನ್ನೂ ಬಿಳಿನೊಣವನ್ನೂ ತಡೆಯುತ್ತದೆ ಎಂದು ಆಮೇಲೆ ಗೊತ್ತಾಯಿತು. ಆದರೆ ಮಣ್ಣಿನ ಬಿಸಿ 28 ಡಿಗ್ರಿ ದಾಟಿದರೆ ಜಂತುಹುಳುವಿನ ಮುಂದೆ ಅದರ ಆಟ ನಡೆಯುವುದಿಲ್ಲ. ಏಪ್ರಿಲ್ ಮಧ್ಯಾಹ್ನ ಪುಣೆಯ ಬಾಲ್ಕನಿ ಕುಂಡಕ್ಕೆ ಬೆರಳಿಟ್ಟವರಿಗೆ ಇದು ಎಂಥ ತೊಂದರೆ ಅಂತ ಅರ್ಥವಾದೀತು.

ಹುಳುಗಳೂ ಕೈ ಕಟ್ಟಿ ಕೂತಿಲ್ಲ. ಭಾರತದ ಮುಡ್ಗೊ ಎಂಬ ಭತ್ತದಿಂದ ಜಿಗಿಹುಳು ತಡೆಯುವ ಜೀನ್ ಸೇರಿಸಿ 1973ರಲ್ಲಿ ಫಿಲಿಪೀನ್ಸಿನಲ್ಲಿ ಐಆರ್26 ತಳಿ ಬಿಟ್ಟರು. ಎರಡು ಮೂರು ವರ್ಷಕ್ಕೇ ಜಿಗಿಹುಳು ಅದನ್ನೂ ಮೇಯತೊಡಗಿತು. ಬಿಳಿನೊಣದ್ದಂತೂ ಹಗಲು ದರೋಡೆ. ಗಿಡಗಳು ತಮ್ಮದೇ ವಿಷ ತಮಗೆ ತಾಗದಂತೆ ಮಾಡಿಕೊಳ್ಳುವ ಜೀನೊಂದು ಎಷ್ಟೋ ಕಾಲದ ಹಿಂದೆ ಅದರ ಪಾಲಾಗಿದೆ. ಈಗ ಆ ವಿಷ ಅದಕ್ಕೆ ನಾಟುವುದಿಲ್ಲ. 2021ರಲ್ಲಿ ಈ ಕಳವು ಬಯಲಾಯಿತು. ನೊಣದ ಆ ಜೀನಿನ ಬಾಯಿ ಮುಚ್ಚಿಸುವ ಟೊಮೆಟೊ ಗಿಡ ಮಾಡಿ ಅದರ ಮೇಲೆ ನೊಣಗಳನ್ನು ಬಿಟ್ಟಾಗ, ಅದರ ರಸ ಕುಡಿದ ನೊಣಗಳು ಸತ್ತವು.

ನಮ್ಮ ಅವರೆಯಲ್ಲಿ ಅಂಥ ಕಾವಲುಗಾರರು ಇದ್ದ ಹಾಗೆ ಕಾಣಲಿಲ್ಲ. ಕುಡಿ ಚಿವುಟಿ ಹಾಕಿ, ಪೈಪಿನಲ್ಲಿ ರಭಸವಾಗಿ ನೀರು ಬಿಟ್ಟೆ. ಮೂರನೇ ದಿನ ಎರಡು ಗುಲಗಂಜಿ ಹುಳು ಬಂದು, ಉಳಿದ ಹೇನುಗಳನ್ನು ಒಂದೊಂದಾಗಿ ತಿನ್ನುತ್ತಿದ್ದವು. ನನ್ನಾಕೆ ಕಾಫಿ ಹಿಡಿದುಕೊಂಡು ಬಂದು ಕೇಳಿದಳು, "ಮಾವ ಹೇಗಿದಾರೆ ಈಗ?"